ಸೆಕೆಂಡು ಓಡದ ಗಡಿಯಾರ ಬೇಕಿತ್ತು: ವೇದಿಕೆಯ ಟೈಮರ್‌ಗಳ ಜೊತೆ ನನ್ನ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ, ವೇದಿಕೆಯಲ್ಲಿ ಮಾತನಾಡುವವರಿಗೆ ಉಳಿದ ಸಮಯ ತೋರಿಸುವ ತಂತ್ರಾಂಶಗಳಲ್ಲಿ ನನ್ನ ಮತ ಆನ್‌ಟೈಮ್ ಎಂಬುದಕ್ಕೆ. ಇನ್ನೊಂದಕ್ಕೆ ದುಡ್ಡು ಕಟ್ಟಿ ಕೈ ಸುಟ್ಟುಕೊಂಡವನು ನಾನು. ಹಾಗಾಗಿ ತಕ್ಕಡಿ ಒಂದು ಕಡೆ ವಾಲಿದ್ದರೆ ಆಶ್ಚರ್ಯಪಡಬೇಡಿ.

ಮಡಿಕೇರಿಯಲ್ಲಿ ನನ್ನದು ಮೈಕ್‌ಸೆಟ್ ಮತ್ತು ಲೈಟಿಂಗ್ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ. ಹುತ್ತರಿ ಕಳೆದ ಮೇಲೆ ಮಳೆ ಹಿಡಿಯುವವರೆಗೂ ಶಾಲಾ ವಾರ್ಷಿಕೋತ್ಸವ, ಬೆಳೆಗಾರರ ಸಭೆ, ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಸ್ಪರ್ಧೆ ಎಂದು ಓಡಾಟ. ಮೊದಲೆಲ್ಲ ಸಮಯ ಪಾಲನೆಗೆ ಇದ್ದದ್ದು ರಟ್ಟು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ‘5 ನಿಮಿಷ’ ಎಂದು ಬರೆದ ರಟ್ಟನ್ನು ಎತ್ತಿ ಹಿಡಿಯುತ್ತಿದ್ದ. ಭಾಷಣಕಾರರು ಆ ಹುಡುಗನೊಬ್ಬನನ್ನು ಬಿಟ್ಟು ಸಭೆಯ ಉಳಿದವರನ್ನೆಲ್ಲ ನೋಡುತ್ತಿದ್ದರು. ಗಂಟೆ ಹೊಡೆಯೋಣವೆಂದರೆ, ಎಂಬತ್ತು ದಾಟಿದ ಮುಖ್ಯ ಅತಿಥಿಯ ಮುಂದೆ ಗಂಟೆ ಬಾರಿಸುವ ಧೈರ್ಯ ನಮ್ಮ ಕಡೆಯ ಯಾವ ಸಂಘಟಕರಿಗೂ ಇಲ್ಲ. ಕೊನೆಗೆ ಹಳೆಯ 32 ಇಂಚಿನ ಟಿವಿಯೊಂದನ್ನು ವೇದಿಕೆಯ ಅಂಚಿನಲ್ಲಿ, ಮಾತನಾಡುವವರಿಗೆ ಮಾತ್ರ ಕಾಣುವಂತೆ ಓರೆಯಾಗಿ ಇಟ್ಟೆ.

ಅದರಲ್ಲಿ ಮೊದಲು ಓಡಿಸಿದ್ದು ಕೌಂಟ್‌ಡೌನ್ ವಿಡಿಯೊ. ನಡುವೆ ಎರಡು ನಿಮಿಷ ಹೆಚ್ಚು ಕೊಡಬೇಕೆಂದರೆ ವಿಡಿಯೊ ಹಿಂದಕ್ಕೆಳೆಯಬೇಕು, ಅದು ಎಲ್ಲರಿಗೂ ಗೊತ್ತಾಗುತ್ತದೆ. ಅದರ ಕಥೆ ಅಷ್ಟೇ.

ಎರಡನೆಯದು ತಿಂಗಳ ಚಂದಾ ಕಟ್ಟಿ ಬಳಸುವ ಆನ್‌ಲೈನ್ ಟೈಮರ್. ಹೆಸರು ಬೇಡ. ನೋಡಲು ಚೆಂದ, ಕಲಿಯಲು ಹತ್ತು ನಿಮಿಷ ಸಾಕು. ತೊಂದರೆ ಶುರುವಾದದ್ದು ನಿವೃತ್ತ ಮೇಷ್ಟರೊಬ್ಬರ ಭಾಷಣದಲ್ಲಿ. ಕೊಡಗಿನ ಮಳೆಯ ಬಗ್ಗೆ ಸೊಗಸಾಗಿ ಮಾತನಾಡುತ್ತಿದ್ದವರು ಒಮ್ಮೆ ಟಿವಿಯತ್ತ ನೋಡಿದರು. ಆಮೇಲೆ ಅವರ ಕಣ್ಣು ಅಲ್ಲಿಂದ ಕೀಳಲೇ ಇಲ್ಲ. 41, 40, 39 ಎಂದು ಅಂಕಿಗಳು ಇಳಿಯುತ್ತಿದ್ದಂತೆ ಅವರ ಮಾತು ತಡವರಿಸಿತು. ಕೊನೆಗೆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಕುಳಿತುಬಿಟ್ಟರು. ಊಟದ ಹೊತ್ತಿಗೆ ನನ್ನನ್ನು ಕರೆದು, “ಅದೇನಪ್ಪಾ ಅದು, ಕಾಲಡಿಯಲ್ಲಿ ಇರುವೆ ಹರಿದ ಹಾಗೆ? ನಿಮಿಷ ತೋರಿಸಿದರೆ ಸಾಲದೇ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸೆಕೆಂಡು ಮರೆಮಾಡುವ ಆಯ್ಕೆ ಆ ಟೈಮರ್‌ನಲ್ಲಿ ಇತ್ತು. ಆದರೆ ಒಮ್ಮೆ ಮರೆಮಾಡಿದರೆ ಎಲ್ಲ ಪರದೆಗಳಲ್ಲೂ ಮರೆಯಾಗುತ್ತಿತ್ತು. ಭಾಷಣದ ದಿನ ಇದರಿಂದ ನಷ್ಟವಿಲ್ಲ. ಉಮ್ಮತ್ತಾಟ್ ಸ್ಪರ್ಧೆಯ ದಿನ ಮಾತ್ರ ಫಜೀತಿ. ದೀಪದ ಸುತ್ತ ತಾಳ ಹಿಡಿದು ಕುಣಿಯುವ ತಂಡಕ್ಕೆ ಸಮಯ ಮುಗಿಯುತ್ತಾ ಬಂದಂತೆ ಬದಲಾಗುವ ಪರದೆಯ ಬಣ್ಣ ಕಂಡರೆ ಸಾಕು, ಆದರೆ ತೀರ್ಪುಗಾರರ ಮೇಜಿನ ಮೇಲೆ ಸೆಕೆಂಡು ಬೇಕೇ ಬೇಕು; ಸಮಯ ಮೀರಿದರೆ ಅಂಕ ಕಡಿತವಾಗುವ ಕಡೆ ನಾಲ್ಕು ಸೆಕೆಂಡಿಗೂ ಜಗಳವಾಗುತ್ತದೆ. ಒಂದೇ ಟೈಮರ್, ಎರಡು ಪರದೆ, ಒಂದರಲ್ಲಿ ಸೆಕೆಂಡು ಇರಬೇಕು, ಇನ್ನೊಂದರಲ್ಲಿ ಇರಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಕಂಪನಿಗೆ ಬರೆದೆ. ‘ಸೆಕೆಂಡು ಮರೆಮಾಡುವ ಆಯ್ಕೆ ಕೊಡಿ’ ಎಂದಷ್ಟೇ ಬರೆದದ್ದು ನನ್ನ ತಪ್ಪು. ಆ ಆಯ್ಕೆ ಈಗಾಗಲೇ ಇದೆ ಎಂದು ವಿನಯದ ಉತ್ತರ ಬಂತು. ಎರಡನೆಯ ಸಲ ಬುದ್ಧಿ ಬಂದು ಇಡೀ ವೇದಿಕೆಯನ್ನೇ ವರ್ಣಿಸಿದೆ: ಟಿವಿ ಎಲ್ಲಿದೆ, ಅದನ್ನು ಯಾರು ಎಷ್ಟು ದೂರದಿಂದ ನೋಡುತ್ತಾರೆ, ತೀರ್ಪುಗಾರರು ಎಲ್ಲಿ ಕೂರುತ್ತಾರೆ, ಯಾವ ಪರದೆಯಲ್ಲಿ ಏನು ಕಾಣಬೇಕು, ಏಕೆ. ಈ ಸಲ ಅರ್ಥವಾಯಿತು. ಬೇಡಿಕೆಯನ್ನು ಪಟ್ಟಿಗೆ ಸೇರಿಸಿದ್ದೇವೆ ಎಂದರು. ನಾಲ್ಕು ತಿಂಗಳ ಚಂದಾ ಕಟ್ಟಿದೆ. ಅಷ್ಟರಲ್ಲಿ ಮಳೆಗಾಲ ಬಂತು, ಕಾರ್ಯಕ್ರಮಗಳು ನಿಂತವು, ಚಂದಾ ನಿಲ್ಲಲಿಲ್ಲ. ಪಟ್ಟಿಯಲ್ಲಿ ನನ್ನ ಬೇಡಿಕೆ ಇನ್ನೂ ಕುಳಿತಿರಬೇಕು.

ಆನ್‌ಟೈಮ್ ಸಿಕ್ಕಿದ್ದು ಆ ಮಳೆಗಾಲದಲ್ಲೇ. ಮುಕ್ತ ತಂತ್ರಾಂಶ, ಡೌನ್‌ಲೋಡ್ ಮಾಡಿ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ದುಡ್ಡು ಕೇಳುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಇಲ್ಲಿಯೂ ಬೇಡಿಕೆ ಸಲ್ಲಿಸಬೇಕಾದೀತು ಎಂದುಕೊಂಡು, ಪಾಠ ಕಲಿತವನಂತೆ ವೇದಿಕೆಯ ವರ್ಣನೆಯಿಂದಲೇ ಆರಂಭಿಸಿ ಅದನ್ನು ಬೆಳೆಸುವವರು ಬೇಡಿಕೆ ಪಡೆಯುವ ಗಿಟ್‌ಹಬ್ ತಾಣಕ್ಕೆ ಹಾಕಲು ಅರ್ಧ ಪುಟ ಬರೆದಿದ್ದೆ. ಕಳುಹಿಸುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಟೈಮರ್ ಪುಟದ ಆಯ್ಕೆಗಳನ್ನು ತೆರೆದರೆ, ಸೆಕೆಂಡು ಮರೆಮಾಡುವ ಗುಂಡಿ ಅಲ್ಲೇ ಇತ್ತು. ಅದನ್ನು ಒತ್ತಿ ಉಳಿಸಿದಾಗ ಆ ಆಯ್ಕೆ ಪುಟದ ವಿಳಾಸದ ಬಾಲಕ್ಕೆ ಅಂಟಿಕೊಂಡಿತು. ಅಂದರೆ ಬದಲಾವಣೆ ಆ ಕೊಂಡಿಗೆ ಮಾತ್ರ ಸೀಮಿತ. ವೇದಿಕೆಯ ಟಿವಿಗೆ ಬಾಲವಿರುವ ಕೊಂಡಿ, ತೀರ್ಪುಗಾರರ ಟ್ಯಾಬ್‌ಗೆ ಬಾಲವಿಲ್ಲದ ಕೊಂಡಿ. ಎರಡರ ಹಿಂದೆಯೂ ಓಡುವುದು ಒಂದೇ ಟೈಮರ್. ಬರೆದ ಅರ್ಧ ಪುಟವನ್ನು ಅಳಿಸಿದೆ, ಸ್ವಲ್ಪ ಬೇಸರವೂ ಆಯಿತು.

ನೆಟ್‌ವರ್ಕ್ ವಿಷಯ. ಆನ್‌ಲೈನ್ ಟೈಮರ್ ಇಂಟರ್ನೆಟ್ ಹೋದರೂ ಪರದೆಯ ಮೇಲೆ ಓಡುತ್ತಲೇ ಇರುತ್ತಿತ್ತು, ಆದರೆ ನನ್ನ ಮಾತು ಕೇಳುತ್ತಿರಲಿಲ್ಲ. ನಾಪೋಕ್ಲು ಕಡೆಯ ಒಂದು ಕಾರ್ಯಕ್ರಮದಲ್ಲಿ ನಾನು ಎರಡು ನಿಮಿಷ ಸೇರಿಸಿದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ ಕಂಡಿತೇ ಹೊರತು ವೇದಿಕೆಗೆ ತಲುಪಲಿಲ್ಲ. ಅಲ್ಲಿ ಪರದೆ ಕೆಂಪಾಗಿ, ಪಾಪ, ಅತಿಥಿ ಕ್ಷಮೆ ಕೇಳಿ ಇಳಿದರು. ಆನ್‌ಟೈಮ್‌ಗೆ ಇಂಟರ್ನೆಟ್ ಬೇಡ, ಒಂದು ವೈಫೈ ರೂಟರ್ ಸಾಕು. ಲ್ಯಾಪ್‌ಟಾಪ್‌ನ ಐಪಿ ವಿಳಾಸದ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊನೆಗೆ :4001 ಸೇರಿಸಿ ಬ್ರೌಸರ್‌ನಲ್ಲಿ ತೆರೆದರೆ ಆಯಿತು. ಕರೆಂಟ್ ಹೋದರೆ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಸಣ್ಣ ಯುಪಿಎಸ್ ಇಟ್ಟಿದ್ದೇನೆ.

ಪರದೆಗೆ ಸಂದೇಶ ಕಳುಹಿಸುವುದು ಎರಡರಲ್ಲೂ ಚೆನ್ನಾಗಿದೆ, ಕನ್ನಡ ಅಕ್ಷರ ಎರಡರಲ್ಲೂ ಸರಿಯಾಗಿ ಮೂಡುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಆನ್‌ಟೈಮ್ ಕಷ್ಟವೇ. ಮುಖ್ಯ ಪುಟ ತೆರೆದಾಗ ನಮ್ಮ ಅಂಗಡಿಯ ಹುಡುಗ, “ಅಣ್ಣಾ, ಇದು ವಿಮಾನ ಓಡಿಸುವುದೇ?” ಎಂದು ಕೇಳಿದ. ವರ್ಷಕ್ಕೆ ಎರಡೇ ಕಾರ್ಯಕ್ರಮ ಮಾಡುವವರು, ಒಳ್ಳೆಯ ಇಂಟರ್ನೆಟ್ ಇರುವ ಸಭಾಂಗಣದವರು ಒಂದು ತಿಂಗಳ ಚಂದಾ ಕಟ್ಟಿ ಸುಮ್ಮನಿರುವುದೇ ಮೇಲು. ನನ್ನಂತೆ ಆರು ತಿಂಗಳು ದುಡಿದು ಆರು ತಿಂಗಳು ವೈರು ಸುತ್ತುತ್ತಾ ಕೂರುವವನಿಗೆ ಆ ಲೆಕ್ಕ ಹೊಂದುವುದಿಲ್ಲ.

ಮಳೆಗಾಲ ಕಳೆದ ಮೇಲೆ ಅದೇ ಮೇಷ್ಟರು ಮತ್ತೊಂದು ಸಭೆಗೆ ಬಂದರು. ಟಿವಿಯಲ್ಲಿ ಅವರಿಗಾಗಿಯೇ ಎಂಬಂತೆ ಬರೀ ನಿಮಿಷ. ನಾನು ಹೆಮ್ಮೆಯಿಂದ ಮಿಕ್ಸರ್ ಹಿಂದೆ ನಿಂತಿದ್ದೆ. ಸ್ವಲ್ಪ ಹೊತ್ತು ಮಾತನಾಡಿದವರು ಟಿವಿಯತ್ತ ನೋಡಿದರು, ಮತ್ತೆ ನೋಡಿದರು, ಆಮೇಲೆ ಮೈಕಿನಲ್ಲೇ, “ಏನಪ್ಪಾ, ನಿನ್ನ ಗಡಿಯಾರ ನಿಂತುಹೋಗಿದೆಯಲ್ಲ!” ಎಂದರು. ಸಭೆಯೆಲ್ಲ ನಕ್ಕಿತು. ಪರದೆ ಶುಭ್ರವಾಗಿರಲೆಂದು ಅಂಕಿಯ ಕೆಳಗೆ ಸಾಗುವ ಪಟ್ಟಿಯನ್ನೂ ಮರೆಮಾಡಿದ್ದೆ. ಇಡೀ ಒಂದು ನಿಮಿಷ ಅಲ್ಲಿ ಏನೂ ಅಲುಗುತ್ತಿರಲಿಲ್ಲ. ಅವರು ನಗುತ್ತಾ ನೀರು ಕುಡಿಯುವಷ್ಟರಲ್ಲಿ ಆ ಪಟ್ಟಿಯನ್ನು ಮತ್ತೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಅದನ್ನೇ ಒಂದು ಗಳಿಗೆ ನೋಡಿ, “ಹಾಂ, ಈಗ ಓಡುತ್ತಿದೆ” ಎಂದು ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.