ಮಂಡಿಗೆ ಸುತ್ತೋ ಜೆಲ್ ಐಸ್ ಪ್ಯಾಕ್: ತಗೋಬಹುದು, ಆದ್ರೆ ಪಟ್ಟಿ ಉದ್ದ ನೋಡ್ಕೊಂಡು

ಅಮ್ಮಂಗೆ ಮಂಡಿ ಬದಲಿಸೋ ಆಪರೇಷನ್ (ನೀ ರಿಪ್ಲೇಸ್‌ಮೆಂಟ್) ಆದಾಗ ಆಸ್ಪತ್ರೇಲಿ ಇದ್ದಷ್ಟು ದಿನ ನೋವು ಅಷ್ಟಾಗಿ ಕಾಡ್ಲಿಲ್ಲ, ಕಾಲಿನ ನೋವು ಗೊತ್ತಾಗದ ಹಾಗೆ ಕೊಡೋ ನರ್ವ್ ಬ್ಲಾಕ್ ಇಂಜೆಕ್ಷನ್ ಎಫೆಕ್ಟ್ ಇಳಿದು ಮನೆಗೆ ಬಂದ್ಮೇಲೆ ಶುರುವಾಯ್ತು ನೋಡಿ, ಅದ್ರಲ್ಲೂ ರಾತ್ರಿ ಹೊತ್ತು. ಆಗ ಮೆಡಿಕಲ್ ಶಾಪಿಂದ ತಂದಿದ್ದು ಇದು.

ಫ್ರೀಜರಲ್ಲಿಟ್ರೂ ಕಲ್ಲಾಗಲ್ಲ, ಮಂಡಿ ಸುತ್ತ ಚೆನ್ನಾಗಿ ಕೂರುತ್ತೆ. ಕವರಲ್ಲಿ ಐಸ್ ಕ್ಯೂಬ್ ಕಟ್ಟಿಟ್ರೆ ನೀರು ಸೋರಿ ಡ್ರೆಸಿಂಗ್ ಒದ್ದೆ ಆಗೋ ಭಯ, ಇದ್ರಲ್ಲಿ ಆ ತಾಪತ್ರಯ ಇಲ್ಲ. ತೆಳು ಟವಲ್ ಸುತ್ತಿ ಹದಿನೈದಿಪ್ಪತ್ತು ನಿಮಿಷ ಇಟ್ಟು ತೆಗೀಬೇಕು. ಹೊಲಿಗೆ ಪಕ್ಕದ ಚರ್ಮ ಜೋಮು ಹಿಡಿದ ಹಾಗಿರುತ್ತೆ, ಐಸ್ ತಣ್ಪಿಗೆ ಚರ್ಮ ಸುಟ್ಟ ಹಾಗಾದ್ರೂ ಅವ್ರಿಗೆ ಗೊತ್ತಾಗಲ್ಲ, ಮಧ್ಯ ಮಧ್ಯ ನಾವೇ ಎತ್ತಿ ನೋಡ್ಬೇಕು.

ಬಾಕ್ಸ್ ಮೇಲೆ ಹಾಟ್ ಅಂಡ್ ಕೋಲ್ಡ್ ಅಂತಿದೆ, ಆದ್ರೆ ಊತ ಇರೋವಾಗ ಬಿಸಿ ಬೇಡ. ಪಕ್ಕದ್ಮನೆ ಆಂಟಿ ಉಪ್ಪಿನ ಶಾಖ ಕೊಡಿ ಅಂತ ದಿನಾ ಹೇಳ್ತಿದ್ರು, ಹೂಂ ಅಂದು ಸುಮ್ನಾದ್ವಿ.

ಇದೊಂದರಿಂದ್ಲೇ ನೋವು ಹೋಗುತ್ತೆ ಅಂತ ಮಾತ್ರ ತಗೋಬೇಡಿ. ನಮ್ಮಮ್ಮ ಐಸ್ ಇದ್ಯಲ್ಲ ಮಾತ್ರೆ ಯಾಕೆ, ತಡ್ಕೋತೀನಿ ಬಿಡು ಅನ್ನೋ ಪೈಕಿ. ಹಾಗೆ ತಡ್ಕೊಂಡ್ರೆ ಫಿಸಿಯೋ ಬಂದಾಗ ಮಂಡಿ ಮಡಚೋಕೇ ಬಿಡಲ್ಲ, ಮಡಚದೇ ಇದ್ರೆ ಕಾಲು ಬಿಗಿಯುತ್ತೆ, ಆಮೇಲೆ ಇನ್ನೂ ನೋವು. ಡಾಕ್ಟ್ರು ಬರೆದಿರೋ ಮಾತ್ರೆ ಟೈಮಿಗೆ ಕೊಟ್ಟು, ಫಿಸಿಯೋಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಒಂದು ಬೀಳೋ ಹಾಗೆ ಹೊಂದಿಸ್ಕೊಂಡು, ಎಕ್ಸರ್‌ಸೈಜ್ ಮುಗಿದ ತಕ್ಷಣ ಈ ಪ್ಯಾಕ್ ಕಟ್ಟಿದ್ಮೇಲೇನೇ ಅಮ್ಮ ಸ್ವಲ್ಪ ಗೆಲುವಾಗಿದ್ದು. ಇನ್ನೊಂದು, ಜೋರು ನೋವಿಗೆ ಕೊಡೋ ಟ್ರಮಡಾಲ್ ಮಾತ್ರೇಲಿ ಎಷ್ಟೋ ಸಲ ಪ್ಯಾರಾಸಿಟಮಾಲೂ ಸೇರಿರುತ್ತೆ, ಮೇಲೆ ಡೋಲೋ (ಅದೂ ಪ್ಯಾರಾಸಿಟಮಾಲೇ) ಬೇರೆ ನುಂಗಿಸಿದ್ರೆ ಡಬಲ್ ಡೋಸ್, ಸ್ಟ್ರಿಪ್ ಹಿಂದೆ ಓದಿ. ಟ್ರಮಡಾಲಿಗೆ ವಾಕರಿಕೆ, ಮಲಬದ್ಧತೆನೂ ಬರುತ್ತೆ, ಡಾಕ್ಟ್ರಿಗೆ ಮೊದ್ಲೇ ಹೇಳಿಡಿ.

ಪ್ಯಾಕ್ ಇಟ್ಟಾಗ ದಿಂಬು ಹಿಮ್ಮಡಿ ಕೆಳಗಿರ್ಲಿ, ಮಂಡಿ ಕೆಳಗೆ ಬೇಡ, ಹಾಯಾಗಿರುತ್ತೆ ನಿಜ ಆದ್ರೆ ಕಾಲು ಪೂರ್ತಿ ನೀಟೋಕೆ ಆಗದೇ ಹೋಗುತ್ತೆ. ಮೀನಖಂಡದಲ್ಲಿ ಹೊಸದಾಗಿ ನೋವು ಊತ ಬಂದ್ರೆ, ಜ್ವರ ಬಂದ್ರೆ, ಗಾಯದಿಂದ ನೀರು ಕೀವು ಬಂದ್ರೆ ಐಸ್ ಇಟ್ಕೊಂಡು ಕೂರ್ಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಎದೆನೋವು ಉಸಿರಾಟದ ತೊಂದರೆ ಅಂದ್ರೆ ನೇರ ಎಮರ್ಜೆನ್ಸಿಗೆ ಹೋಗಿ.

ಬೇಜಾರಾಗಿದ್ದು ವೆಲ್ಕ್ರೋ ಪಟ್ಟಿ. ಊದಿದ ಕಾಲಿಗೆ ಎಟುಕೋದೇ ಇಲ್ಲ, ಮೇಲಿಂದ ದುಪಟ್ಟಾ ಕಟ್ತಿದ್ವಿ. ಜೆಲ್ಲೂ ಬೇಗ ತಣ್ಪು ಬಿಡುತ್ತೆ, ಎರಡಿದ್ರೆ ಒಳ್ಳೇದು. ಐದಕ್ಕೆ ಮೂರೂವರೆ ಕೊಡ್ತೀನಿ.