ಫ್ಲಾರಿಡಾನೋ, ಕೌಸಾನೋ? ಎರಡು ಡಾಗ್‌ವುಡ್ ಬೆಳೆಸಿ ನೋಡಿದ ಮೇಲೆ

ಡಾಗ್‌ವುಡ್ ಅಂದರೆ ತಂಪು ಸೀಮೆಯಲ್ಲಿ ಚೆಂದಕ್ಕೆ ಬೆಳೆಸುವ ಸಣ್ಣ ಹೂಮರ. ಒಂಬತ್ತು ವರ್ಷದ ಹಿಂದೆ ಒಂದೇ ವಾರದಲ್ಲಿ ಅದರ ಎರಡು ಗಿಡ ನೆಟ್ಟೆ. ಒಂದು ಅಮೆರಿಕದ ಪೂರ್ವದ ಕಾಡುಗಳ ಫ್ಲಾರಿಡಾ ಜಾತಿ. ಇನ್ನೊಂದು ಜಪಾನ್, ಕೊರಿಯಾ, ಚೀನಾ ಕಡೆಯ ಕೌಸಾ. ಎರಡೂ ಸೊಂಟದೆತ್ತರ ಇದ್ದವು, ಎರಡೂ ಬಿಳಿ ಹೂವಿನವು. ಎರಡನ್ನೂ ಬಯಲು ಬಿಸಿಲಲ್ಲೇ ಇಟ್ಟೆ.

ಚೆಂದದಲ್ಲಿ ಫ್ಲಾರಿಡಾನೇ ಮುಂದು. ಚಳಿ ಮುಗಿಯುತ್ತಿದ್ದಂತೆ, ಇನ್ನೂ ಎಲೆ ಬಾರದ ಬೋಳು ಕೊಂಬೆಯ ತುದಿಯಲ್ಲಿ ಅಂಗಿ ಗುಂಡಿಯಂಥ ಮೊಗ್ಗು ಬಿಚ್ಚಿಕೊಳ್ಳುತ್ತದೆ. ನಾಲ್ಕು ಬಿಳಿ ಎಸಳು ಕಾಣುತ್ತವಲ್ಲ, ಅವು ಎಸಳಲ್ಲ. ಕಾಗದದ ಹೂವಿನ ಗಿಡದಲ್ಲಿರುವಂತೆ ಬಣ್ಣ ತಿರುಗಿದ ಎಲೆಗಳು. ನಿಜವಾದ ಹೂವು ನಡುವೆ ಕಾಳು ಕಾಳಾಗಿ, ಹಸಿರು ಹಳದಿಯಾಗಿ ಗುಂಪುಗೂಡಿರುತ್ತದೆ. ಬಿಳಿ ಎಲೆಯ ತುದಿ ಉಗುರಿನಿಂದ ಚಿವುಟಿದ ಹಾಗೆ ಒಳಕ್ಕೆ ಹೋಗಿರುತ್ತದೆ. ಕೌಸಾದಲ್ಲಿ ಅದೇ ತುದಿ ಚೂಪು. ಅದು ಅರಳುವುದು ಮೂರು ನಾಲ್ಕು ವಾರ ತಡವಾಗಿ, ಎಲೆ ತುಂಬಿದ ಮೇಲೆ. ಹೂವು ಜಾಸ್ತಿ ದಿನ ನಿಲ್ಲುತ್ತದೆ, ನಿಜ. ಆದರೆ ಬೋಳು ಕೊಂಬೆಯ ಮೇಲಿನ ಬಿಳುಪು ನೋಡಿದ ಕಣ್ಣಿಗೆ ಅದು ಸಾಲದು.

ಹಣ್ಣಿನಲ್ಲಿ ಕೌಸಾ ಗೆದ್ದಿತು. ಗುಲಾಬಿ ಕೆಂಪಿನ ಉಂಡೆ, ಒಳಗೆ ಮೆತ್ತಗೆ, ಸಿಹಿ. ಫ್ಲಾರಿಡಾದ ಕೆಂಪು ಹಣ್ಣು ಕಹಿ. ಅದು ಹಕ್ಕಿಗಳಿಗೇ ಸರಿ.

ಮೂರನೇ ಬೇಸಿಗೆಯಲ್ಲಿ ಇಬ್ಬರ ಗುಣ ಗೊತ್ತಾಯಿತು. ಡಾಗ್‌ವುಡ್ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲೆ ಮೇಲೆಯೇ ಹರಡುತ್ತದೆ. ಮೇಲ್ಮಣ್ಣು ಒಣಗಿದ್ದೇ ತಡ, ಫ್ಲಾರಿಡಾ ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಕೌಸಾ ಎಲೆ ಸ್ವಲ್ಪ ಮುದುಡಿ, ನೀರು ಕೊಟ್ಟ ಮೇಲೆ ಚೇತರಿಸಿಕೊಂಡಿತು. ಅವತ್ತಿನಿಂದ ಎರಡಕ್ಕೂ ಬುಡದ ಸುತ್ತ ಮೂರು ಇಂಚು ತೊಗಟೆ ಚೂರಿನ ಹೊದಿಕೆ ಹಾಕುತ್ತೇನೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ತೊಗಟೆ ಕೊಳೆಯುತ್ತದೆ.

ಹೊದಿಕೆ ಮೊದಲೇ ಹಾಕಿದ್ದರೆ ಇನ್ನೊಂದು ಅನಾಹುತವೂ ತಪ್ಪುತ್ತಿತ್ತು. ಹುಲ್ಲು ಕತ್ತರಿಸುವಾಗ ಯಂತ್ರದ ದಾರ ಫ್ಲಾರಿಡಾ ಬುಡಕ್ಕೆ ತಾಗಿ ಬೆರಳಗಲ ತೊಗಟೆ ಎದ್ದಿತ್ತು. ಸಣ್ಣ ಗಾಯ ಅಂತ ಸುಮ್ನೆ ಬಿಟ್ಟೆ. ಮುಂದಿನ ವರ್ಷ ಅಲ್ಲೇ ಕಂದು ಹುಡಿ ಉದುರುತ್ತಿತ್ತು. ಕಾಂಡ ಕೊರೆಯುವ ಹುಳ ಗಾಯದಿಂದಲೇ ಒಳಗೆ ಹೋಗಿತ್ತು. ಆ ಮೇಲೆ ತಂಪು ಮಳೆಯ ವಸಂತ ಬಂತು. ಎಲೆಗಳಲ್ಲಿ ನೇರಳೆ ಅಂಚಿನ ಚುಕ್ಕೆ, ಕೆಳಗಿನ ಕೊಂಬೆಗಳು ಒಂದೊಂದಾಗಿ ಒಣಗಿದವು. ಆಂಥ್ರಾಕ್ನೋಸ್ ರೋಗ. 1970ರ ದಶಕದ ಕೊನೆಯಿಂದ ಅಮೆರಿಕದ ಕಾಡುಗಳಲ್ಲಿ ಎಷ್ಟೋ ಫ್ಲಾರಿಡಾ ಮರಗಳನ್ನು ಕೊಂದ ಶಿಲೀಂಧ್ರ ಇದು. ಏಳನೇ ವರ್ಷ ನನ್ನ ಮರವೂ ಹೋಯಿತು. ತುಂಬಾ ಬೇಜಾರಾಯಿತು. ಇಪ್ಪತ್ತು ಹೆಜ್ಜೆ ದೂರದ ಕೌಸಾಗೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ.

ಬಿಸಿಲಿನ ಜಾಗ, ಒಂದೇ ಮರ ಅಂದರೆ ಕೌಸಾ ನೆಡಿ. ಬೆಳಗಿನ ಬಿಸಿಲು, ಮಧ್ಯಾಹ್ನ ದೊಡ್ಡ ಮರದ ನೆರಳು, ಸ್ವಲ್ಪ ಹುಳಿ ಮಣ್ಣು, ಅಂದರೆ ಪಿಎಚ್ 5.5ರಿಂದ 6.5, ಇದ್ದರೆ ಫ್ಲಾರಿಡಾ ಬಿಡಬೇಡಿ. ನಾನೂ ಬಿಟ್ಟಿಲ್ಲ. ಆ ರೋಗ ತಡೆಯುವ ಅಪಲಾಚಿಯನ್ ಸ್ಪ್ರಿಂಗ್ ತಳಿಯನ್ನು ಈ ಸಲ ನೆರಳಿಗೆ ನೆಟ್ಟಿದ್ದೇನೆ. ಮುಂದಿನ ವಸಂತದ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟುತ್ತದೆ, ಹಾಗಾಗಿ ಹೂವು ಉದುರುವವರೆಗೆ ಕತ್ತರಿ ಮುಟ್ಟುವುದಿಲ್ಲ. ಈಗ ಅದರ ತುದಿಯಲ್ಲಿ ನಾಲ್ಕು ಗುಂಡಿಗಳಿವೆ.