ಅಗ್ಗಕ್ಕೆ ಸಿಗುವ ಗೇಮ್ ಅಕೌಂಟ್ ಕೊಳ್ಳಬೇಡಿ: ನನ್ನ ‘ಅಜ್ಜಿಮನೆ’ ಹೋಯಿತು

‘ನೋ ಮ್ಯಾನ್ಸ್ ಸ್ಕೈ’ ಅನ್ನೋ ಬಾಹ್ಯಾಕಾಶದ ಗೇಮ್ ಆಡಬೇಕು ಅಂದುಕೊಂಡಿರುವವರು ಇದನ್ನೊಮ್ಮೆ ಓದಿ. 300 ರೂಪಾಯಿಗೆ ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಅಕೌಂಟ್ ಕೊಡ್ತೀನಿ ಅಂತ ಯಾರಾದರೂ ಬಂದರೆ ಕೊಳ್ಳಬೇಡಿ. ನಾನು ಕೊಂಡೆ. ಏಳು ವಾರ ಆಡಿದ್ದೆಲ್ಲ ಒಂದೇ ಸಂಜೆ ಕೈಬಿಟ್ಟು ಹೋಯಿತು.

ಒಂದು ಚಾಟ್ ಗ್ರೂಪ್‌ನಲ್ಲಿ ಆ ಮಾರಾಟಗಾರ ಸಿಕ್ಕಿದ. ದುಡ್ಡು ಹಾಕಿದ ಐದೇ ನಿಮಿಷಕ್ಕೆ ಐಡಿ, ಪಾಸ್‌ವರ್ಡ್ ಕಳಿಸಿದ. ಲಾಗಿನ್‌ಗೆ ಬೇಕಾದ ಕೋಡನ್ನೂ ಅವನೇ ಕೊಟ್ಟ. “ಡೌನ್‌ಲೋಡ್ ಆದಮೇಲೆ ಆಫ್‌ಲೈನ್ ಮೋಡ್‌ನಲ್ಲೇ ಆಡಿ ಅಣ್ಣ, ಆನ್‌ಲೈನ್ ಹೋಗ್ಬೇಡಿ” ಅಂದ. ಯಾಕೆ ಅಂತ ನಾನು ಕೇಳಲಿಲ್ಲ. ಅದೇ ಅಕೌಂಟನ್ನು ಎಷ್ಟೋ ಜನರಿಗೆ ಮಾರಿದ್ದ, ಅದಕ್ಕೇ.

ಆಟ ಮಾತ್ರ ಮನಸ್ಸಿಗೆ ತುಂಬಾ ಹಿಡಿಸಿತು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹಲೋ ಗೇಮ್ಸ್ ಅನ್ನೋ ಸಣ್ಣ ತಂಡ 2016ರ ಆಗಸ್ಟ್‌ನಲ್ಲಿ ತಂದ ಆಟ ಇದು. ಗ್ರಹಗಳನ್ನು ಯಾರೂ ಕೂತು ಬರೆದಿಲ್ಲ, ಲೆಕ್ಕದ ಸೂತ್ರದಿಂದ ಹುಟ್ಟುತ್ತವೆ. 18ರ ಮುಂದೆ 18 ಸೊನ್ನೆ ಹಾಕಿ, ಹೆಚ್ಚುಕಡಿಮೆ ಅಷ್ಟು ಗ್ರಹ. ಕೆಟ್ಟು ನಿಂತ ನೌಕೆ, ಗುರುತಿಲ್ಲದ ನೆಲ, ಅಲ್ಲಿಂದ ಶುರು. ಸೂಟಿನ ಶಕ್ತಿ ಇಳಿಯುತ್ತಾ ಬರುತ್ತದೆ. ಹಳದಿ ಗಿಡಗಳಿಂದ ಸೋಡಿಯಂ ಕಿತ್ತು ತುಂಬಿಕೊಳ್ಳಬೇಕು, ಕಲ್ಲು ಒಡೆದು ಫೆರೈಟ್ ಸೇರಿಸಿ ನೌಕೆ ರಿಪೇರಿ ಮಾಡಬೇಕು.

ಮಕ್ಕಳು ಮಲಗಿದ ಮೇಲೆ ದಿನಾ ಒಂದು ಗಂಟೆ ಆಡುತ್ತಿದ್ದೆ. ಮೂರನೇ ವಾರ ನೀಲಿ ಹುಲ್ಲಿನ ಒಂದು ಗ್ರಹ ಸಿಕ್ಕಿತು. ಕೆರೆ ಪಕ್ಕದ ದಿಬ್ಬದ ಮೇಲೆ ಮರದ ಮನೆ ಕಟ್ಟಿದೆ, ಮುಂದೆ ಜಗಲಿ ಇಟ್ಟೆ. ಗ್ರಹಕ್ಕೆ ‘ಅಜ್ಜಿಮನೆ’ ಅಂತ ಹೆಸರು ಕೊಟ್ಟೆ. ಆಫ್‌ಲೈನ್ ಆಡಿದ್ದರಿಂದ ಆ ಹೆಸರು ಸರ್ವರ್‌ಗೆ ಹೋಗಲೇ ಇಲ್ಲ. ನನ್ನ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಅದು ಇರಲಿಲ್ಲ.

ಈ ಆಟಕ್ಕೆ ದೊಡ್ಡ ದೊಡ್ಡ ಅಪ್‌ಡೇಟ್‌ಗಳು ಪುಕ್ಕಟೆ ಬರುತ್ತಲೇ ಇರುತ್ತವೆ. ಅಂಥದ್ದೊಂದು ಬಂದಾಗ ಆಸೆ ತಡೆಯಲಾರದೆ ಆನ್‌ಲೈನ್ ಹೋದೆ. ಮತ್ತೆ ಕೋಡ್ ಕೇಳಿತು. ಮಾರಾಟಗಾರನಿಗೆ ಬರೆದೆ, ಇನ್ನೂ 100 ರೂಪಾಯಿ ಕೇಳಿದ. ಅದನ್ನೂ ಹಾಕಿದೆ. ಆಮೇಲೆ ನನ್ನನ್ನು ಬ್ಲಾಕ್ ಮಾಡಿದ. ಮಾರನೇ ದಿನ ಪಾಸ್‌ವರ್ಡೂ ಬದಲಾಗಿತ್ತು.

ದೂರು ಕೊಡೋಣ ಅಂದರೆ ಅಕೌಂಟಿನ ಇಮೇಲ್ ನನ್ನದಲ್ಲ, ಬಿಲ್ ಇಲ್ಲ. ಅಕೌಂಟ್ ಮಾರುವುದೇ ಸ್ಟೀಮ್ ನಿಯಮಕ್ಕೆ ವಿರುದ್ಧ. ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ ನನ್ನ ಡಿಸ್ಕ್‌ನಲ್ಲೇ ಇದೆಯಲ್ಲಾ ಅಂತ ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಸ್ವಂತಕ್ಕೆ ಕೊಂಡು ತೆರೆದರೆ ಆಟ ಮೊದಲಿನಿಂದ ಶುರುವಾಯಿತು. ಸೇವ್‌ಗಳು ಆಯಾ ಅಕೌಂಟಿನ ಸಂಖ್ಯೆ ಇರುವ ಫೋಲ್ಡರ್‌ನಲ್ಲಿ ಕೂರುತ್ತವೆ. ನನ್ನ ಅಕೌಂಟಿಗೆ ಹೊಸ, ಖಾಲಿ ಫೋಲ್ಡರ್.

ಬೆಲೆ ಜಾಸ್ತಿ ಅನಿಸಿದರೆ ಬೇಸಿಗೆ ಅಥವಾ ಚಳಿಗಾಲದ ಸೇಲ್‌ವರೆಗೆ ಕಾಯಿರಿ, ಅರ್ಧ ಬೆಲೆಗೇ ಸಿಗುವುದುಂಟು. ಹಿಡಿಸದಿದ್ದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ಸ್ಟೀಮ್‌ನಲ್ಲಿ ಹಣ ವಾಪಸ್ ಕೇಳಬಹುದು. ಈಗಾಗಲೇ ಇಂಥ ಅಕೌಂಟ್‌ನಲ್ಲಿ ಆಡುತ್ತಿದ್ದರೆ ಇನ್ನೊಂದು ಮನೆ ಕಟ್ಟುವ ಮೊದಲೇ ನಿಲ್ಲಿಸಿ. ದುಡ್ಡು ಹೋಗಿದ್ದರೆ ಚಾಟ್, ಯುಪಿಐ ರಸೀದಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ನಾಚಿಕೊಂಡು ಹತ್ತು ದಿನ ಸುಮ್ನೆ ಕೂತೆ. ಅಷ್ಟರಲ್ಲಿ ಅವನು ಆ ಚಾಟನ್ನೇ ಅಳಿಸಿದ್ದ.